ಬಲಗಾಲಿನ ಗೇರ್

ಮಾರ್ಚ್ 4, ಸೋಮವಾರ

ಕಾಲಿನ ವ್ಯಾಯಾಮ ಮಾಡಿಸುವವಳು ದಿನಾ ಬರೆದಿಡಿ ಎಂದಿದ್ದಾಳೆ. ಎಷ್ಟು ಸಲ ಮಂಡಿ ಮಡಚಿದೆ, ಎಷ್ಟು ನಡೆದೆ, ಎಲ್ಲಿ ನೋವು. ಇವತ್ತು ಇಪ್ಪತ್ತು ಸಲ ಮಡಚಿದೆ. ಮೆಟ್ಟಿಲು ಎರಡು ಸಲ. ನೋವು ಇದ್ದಲ್ಲೇ ಇದೆ. ಇಷ್ಟು ಬರೆದ ಮೇಲೂ ಮುಕ್ಕಾಲು ಪುಟ ಖಾಲಿ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಖಾಲಿ ಪುಟ ಕಂಡರೆ ಈಗಲೂ ಮೇಷ್ಟರು ಬೆನ್ನ ಹಿಂದೆ ನಿಂತ ಹಾಗಾಗುತ್ತದೆ. ಅದಕ್ಕೆ ಉಳಿದದ್ದನ್ನೂ ಬರೆಯುತ್ತೇನೆ. ಇದನ್ನು ಯಾರೂ ಓದುವುದಿಲ್ಲ. ನನ್ನ ಹೆಂಡತಿ ಇದ್ದಾಳಲ್ಲ, ಇವಳು ಓದಿದರೆ ಅದು ಅವಳ ಹಣೆಬರಹ.

ಬೆಳಿಗ್ಗೆ ಲೈಸೆನ್ಸ್ ಆಫೀಸಿಗೆ ಹೋಗಿದ್ದೆ. ಎರಡನೇ ಸಲ ಆಪರೇಷನ್ ಆಗಿ ಮಲಗಿದ್ದಾಗಲೇ ನನ್ನ ಲೈಸೆನ್ಸ್ ಮುಗಿದಿತ್ತಂತೆ. ಮುಗಿದು ವರ್ಷ ದಾಟಿದ್ದರಿಂದ ಹಾಗೇ ಮುಂದುವರಿಸುವುದಿಲ್ಲವಂತೆ. ಹೊಸಬರ ಹಾಗೆ ಓಡಿಸಿ ತೋರಿಸಬೇಕು. ಗಾಡಿ ನಾವೇ ತರಬೇಕು. ಇಪ್ಪತ್ತಾರನೇ ತಾರೀಕು ಬನ್ನಿ ಎಂದು ಚೀಟಿ ಕೊಟ್ಟಳು ಕೌಂಟರಿನ ಹೆಂಗಸು.

"ನಲವತ್ತೊಂದು ವರ್ಷ ಓಡಿಸಿದ್ದೀನಿ ಕಣಮ್ಮ" ಎಂದೆ.

"ಹಾಗಾದ್ರೆ ನಿಮಗೆ ಸುಲಭ ಬಿಡಿ" ಎಂದಳು. ತಲೆ ಎತ್ತಲಿಲ್ಲ.

ಹೊಲಿಗೆ ಯಂತ್ರ ರಿಪೇರಿ ನನ್ನ ಕಸುಬು. ಮನೆಗೆ ಹೊತ್ತು ತರುವವರಿಗೆ ಕಾಲು ಬೇಕಿಲ್ಲ, ಕೈ ಸಾಕು. ಆದರೆ ಹೊಟ್ಟೆ ತುಂಬಿಸುವುದು ಊರಾಚೆಯ ಹೊಲಿಗೆ ಯೂನಿಟ್ಟು. ನಲವತ್ತು ಯಂತ್ರ. ಅಲ್ಲಿಗೆ ಬಸ್ಸಿಲ್ಲ. ಯೂನಿಟ್ಟಿನ ಯಜಮಾನಿ ಎರಡು ವರ್ಷ ಹೇಗೋ ಹೊಂದಿಸಿಕೊಂಡಳು. ಈಗ ತಿಂಗಳ ಕೊನೆಯವರೆಗೆ ನೋಡುತ್ತೇನೆ, ಆಮೇಲೆ ಬೇರೆಯವರಿಗೆ ಒಪ್ಪಿಸುತ್ತೇನೆ ಎಂದು ಫೋನಿನಲ್ಲಿ ಹೇಳಿದಳು. ನಯವಾಗಿಯೇ ಹೇಳಿದಳು. ನಯವಾಗಿ ಹೇಳುವವರು ಹೇಳಿದ್ದನ್ನು ಮಾಡುತ್ತಾರೆ.

ಮಾರ್ಚ್ 6, ಬುಧವಾರ

ಮಂಡಿ ಇಪ್ಪತ್ತೆರಡು ಸಲ.

ಗೋಣಿ ಹೊದಿಸಿ ನಿಲ್ಲಿಸಿದ್ದ ನನ್ನ ಗಾಡಿಯನ್ನು ಹೊರಗೆ ಎಳೆದೆ. ಮೂವತ್ತು ವರ್ಷದ ಗಾಡಿ. ಅದರ ಗೇರ್ ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗ ಬರುವ ಗಾಡಿಗಳಲ್ಲೆಲ್ಲ ತಿರುಗಾ ಮುರುಗಾ. ಕೈಯಲ್ಲಿ ಹಿಡಿಯುವ ಮುಂದಿನ ಬ್ರೇಕು ನನ್ನದರಲ್ಲಿ ಬರೀ ಅಲಂಕಾರಕ್ಕೆ. ಅದನ್ನು ನಾನು ಹಿಡಿದ ನೆನಪೇ ಇಲ್ಲ.

ಪಕ್ಕದಲ್ಲಿ ನಿಂತು ಎಡಗಾಲಿನಿಂದ ಕಿಕ್ ಹೊಡೆದೆ. ಏಳನೇ ಸಲಕ್ಕೆ ಬಾಯಿ ಬಿಟ್ಟಿತು. ಹತ್ತಿ ಕೂತೆ. ಗೇರನ್ನು ಕಾಲ್ಬೆರಳಿನಿಂದ ಮೇಲೆತ್ತಬೇಕು. ಬಲಗಾಲಿಗೆ ಸರಳು ಹಾಕಿದ ಮೇಲೆ ಪಾದ ಕೆಳಗೆ ಒತ್ತುತ್ತದೆ, ಮೇಲಕ್ಕೆ ಏಳುವುದಿಲ್ಲ. ಕೈಯಿಂದ ಬಗ್ಗಿ ಗೇರ್ ಎತ್ತಿದೆ. ಗೋದಾಮಿನ ಹಿಂದಿನ ಬಯಲಿನಲ್ಲಿ ಒಂದು ಸುತ್ತು ಹೊಡೆದೆ. ಪರೀಕ್ಷೆಯಲ್ಲಿ ಕೇಳುವ ಎಂಟರ ಆಕಾರ ಹಾಕಲು ಹೋಗಿ ಗಾಡಿ ಮಲಗಿತು. ಅದರ ಪಕ್ಕದಲ್ಲಿ ನಾನೂ ಮಲಗಿದೆ. ಮೂಟೆ ಹೊರುವವರಿಬ್ಬರು ಬಂದು ಮೊದಲು ಗಾಡಿ ಎತ್ತಿದರು, ಆಮೇಲೆ ನನ್ನನ್ನು. ಗಾಡಿಗೆ ಅಷ್ಟಾದರೂ ಮರ್ಯಾದೆ ಉಳಿದಿದೆ.

ಮಾರ್ಚ್ 9, ಶನಿವಾರ

ಅಳಿಯ ತನ್ನ ಬೈಕು ತಂದುಕೊಟ್ಟ. ಕುದುರೆಯಷ್ಟು ಎತ್ತರ. ಹತ್ತಿ ಕೂತರೆ ಎರಡೂ ಕಾಲು ಗಾಳಿಯಲ್ಲಿ. "ತುದಿಗಾಲಲ್ಲಿ ನಿಲ್ಲಿ ಮಾವ" ಎಂದ. ತುದಿಗಾಲು ಇದ್ದಿದ್ದರೆ ನಿನ್ನ ಗಾಡಿ ಯಾಕೆ ಬೇಕಿತ್ತು ಎಂದೆ. ಅವನು ನಗುತ್ತ ಗಾಡಿ ವಾಪಸ್ ತೆಗೆದುಕೊಂಡು ಹೋದ. ಮಗಳು ಸಂಜೆ ಫೋನು ಮಾಡಿ, ಅವರು ನಗುತ್ತಾ ಬಂದರೂ ಬೇಜಾರಾಗಿದೆ, ಸ್ವಲ್ಪ ನೋಡಿ ಮಾತಾಡಪ್ಪ ಎಂದಳು. ನೋಡಿಯೇ ಮಾತಾಡಿದ್ದು.

ಅಳಿಯ ಹೋದ ಮೇಲೆ ಡ್ರೈವಿಂಗ್ ಸ್ಕೂಲಿಗೆ ಹೋಗಿದ್ದೆ. ಅಲ್ಲಿಯ ಗಾಡಿ ಚಿಕ್ಕದು, ನನಗೆ ಸರಿ. ಪರೀಕ್ಷೆಯ ದಿನಕ್ಕೆ ಮಾತ್ರ ಕೊಡಿ ಎಂದೆ. ಕಲಿಸುವವನು ಹತ್ತು ಕ್ಲಾಸು ಮುಗಿಸಿದವರಿಗೆ ಮಾತ್ರ ಗಾಡಿ ಎಂದ. "ಎಲ್ಲರಿಗೂ ಒಂದೇ ನಿಯಮ ತಾತ" ಎಂದ. ತಾತ ಅಂತೆ. ನೀನು ಹುಟ್ಟುವ ಮೊದಲು ನಾನು ಕ್ಲಚ್ ಹಿಡಿದವನು, ನನಗೇ ಕ್ಲಾಸಾ ಎಂದು ಕೇಳಿ ಬಂದೆ. ಬೆಂಚಿನ ಮೇಲೆ ಕೂತಿದ್ದ ಹುಡುಗಿಯರು ಬಾಯಿಗೆ ಕೈ ಹಿಡಿದು ನಗುತ್ತಿದ್ದರು.

ಮಂಡಿ ಲೆಕ್ಕ ತಪ್ಪಿತು.

ಮಾರ್ಚ್ 11, ಸೋಮವಾರ

ಇವಳು ಗೇರಿಲ್ಲದ ಸ್ಕೂಟರ್ ತೆಗೆದುಕೊಂಡು ಹೋಗಿ ಎಂದಳು. ಅದರಲ್ಲಿ ಪಾಸಾದರೆ ಗೇರಿಲ್ಲದ್ದನ್ನೇ ಓಡಿಸಬೇಕು, ನನ್ನ ಗಾಡಿ ಗೋಣಿಯ ಕೆಳಗೇ ಕೊಳೆಯಬೇಕು ಎಂದೆ. ಈಗಲೂ ಅಲ್ಲೇ ಕೊಳೆಯುತ್ತಿದೆ ಎಂದಳು. ಇವಳಿಗೆ ಉತ್ತರ ಕೊಡುವುದನ್ನು ಬಿಟ್ಟು ಬಹಳ ಕಾಲವಾಯಿತು.

ಊಟದ ಹೊತ್ತಿಗೆ ಇನ್ನೊಂದು ಮಾತು ತೆಗೆದಳು. ಬೇಕರಿಯವನ ಬೈಕು ನನಗೆ ಎತ್ತರದಲ್ಲೂ ಭಾರದಲ್ಲೂ ಸರಿಯಾಗುತ್ತದಂತೆ.

ಅದರ ಹೆಸರು ಈ ಮನೆಯಲ್ಲಿ ಎರಡು ವರ್ಷದಿಂದ ಯಾರೂ ಎತ್ತಿರಲಿಲ್ಲ. ಅಪಘಾತವಾದ ಆ ದಿನ ನನ್ನ ಗಾಡಿಯ ಕ್ಲಚ್ ಪ್ಲೇಟು ಬದಲಾಯಿಸಲು ಬಿಟ್ಟಿದ್ದೆ. ಇವಳ ಅಕ್ಕನ ಮನೆಗೆ ಹೋಗಬೇಕಿತ್ತು. ಎದುರು ಬೇಕರಿಯವನು ತನ್ನ ಬೈಕು ಕೊಟ್ಟ. ಇವಳನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಇಳಿಜಾರಿನಲ್ಲಿ ತರಕಾರಿ ಗಾಡಿಯೊಂದು ಅಡ್ಡ ಬಂತು. ಬ್ರೇಕು ತುಳಿದೆ. ಕಾಲಿನ ಕೆಳಗೆ ಟಕ್ ಎಂದಿತು, ಅಷ್ಟೇ, ಹಿಡಿಯಲಿಲ್ಲ. ನನ್ನ ಕಾಲು ಎರಡು ಕಡೆ ಮುರಿಯಿತು. ಇವಳ ಎಡ ಮಣಿಕಟ್ಟು ಮುರಿಯಿತು. ಈಗಲೂ ಅವಳು ಬಟ್ಟೆ ಹಿಂಡುವುದು ಒಂದೇ ಕೈಯಲ್ಲಿ, ಇನ್ನೊಂದು ತುದಿಯನ್ನು ನಲ್ಲಿಗೆ ಸಿಕ್ಕಿಸಿ.

ಊರುಗೋಲು ಹಿಡಿದು ನಿಲ್ಲುವಂತಾದ ದಿನವೇ ಬೇಕರಿಯ ಮುಂದೆ ನಿಂತು ಅವನಿಗೆ ಹೇಳುವುದೆಲ್ಲ ಹೇಳಿದ್ದೆ. ಬ್ರೇಕಿಲ್ಲದ ಗಾಡಿ ಕೊಟ್ಟು ಸಾಯಿಸಲು ನೋಡಿದೆ ಎಂದೆ. ಗಿರಾಕಿಗಳೆಲ್ಲ ಇದ್ದರು. ಆ ವಾರವೇ ಬ್ರೇಕ್ ಶೂ ಹೊಸದು ಹಾಕಿಸಿದ್ದೆ ಎಂದು ಚೀಟಿ ತೋರಿಸಿದ. ಹರಿದು ಅವನ ಗಾಜಿನ ಡಬ್ಬಿಯ ಮೇಲೇ ಇಟ್ಟು ಬಂದೆ. ಅಂದಿನಿಂದ ಅವನ ಬ್ರೆಡ್ಡು ನಮ್ಮ ಮನೆಗೆ ಬಂದಿಲ್ಲ. ಹಾಗೆಂದು ನಾನು ತಿಳಿದಿದ್ದೆ. ಇವತ್ತು ಇವಳು ಹೇಳಿದಳು, ಬರುತ್ತಿದ್ದದ್ದು ಅವನದೇ ಬ್ರೆಡ್ಡಂತೆ, ಬೇರೆ ಕವರಿಗೆ ಹಾಕಿ ತರುತ್ತಿದ್ದಳಂತೆ.

ಮಾರ್ಚ್ 13, ಬುಧವಾರ

ಬೇಕರಿಯವನೇ ಬಂದ. ಇವಳು ಹೋಗಿ ಹೇಳಿದ್ದಾಳೆ. ಬಾಗಿಲಲ್ಲೇ ನಿಂತು, ಬೈಕು ತೆಗೆದುಕೊಳ್ಳಿ ಅಣ್ಣ, ಪರೀಕ್ಷೆಯವರೆಗೆ ನಿಮ್ಮ ಹತ್ತಿರವೇ ಇರಲಿ ಎಂದ. ಬ್ರೇಕು ಮತ್ತೆ ಹೊಸದು ಹಾಕಿಸಿದ್ದಾನಂತೆ, ಎರಡು ಕಡೆ ತೋರಿಸಿದ್ದಾನಂತೆ. ಮಾತಾಡುವಾಗ ನನ್ನ ಮುಖ ನೋಡಲಿಲ್ಲ, ಕಾಲು ನೋಡುತ್ತಿದ್ದ.

ಆಗಲಿ, ಆದದ್ದು ಆಯಿತು, ಇನ್ನು ಅದನ್ನು ಎತ್ತುವುದು ಬೇಡ ಎಂದೆ. ದೊಡ್ಡ ಮನಸ್ಸು ಮಾಡಿಯೇ ಹೇಳಿದೆ. ಅವನ ಕಣ್ಣು ತುಂಬಿತು. ಇವಳು ಯಾಕೋ ಒಳಗೆ ಎದ್ದು ಹೋದಳು.

ಮಾರ್ಚ್ 16, ಶನಿವಾರ

ಮಂಡಿ ಇಪ್ಪತ್ತೆಂಟು.

ಬೈಕು ಹಗುರ. ಗುಂಡಿ ಒತ್ತಿದರೆ ಸ್ಟಾರ್ಟ್. ಗೇರ್ ಎಡಗಾಲಿಗೆ, ಅದು ಚೆನ್ನಾಗಿರುವ ಕಾಲು. ಬಲಗಾಲು ಬ್ರೇಕನ್ನು ಕೆಳಗೆ ಒತ್ತಿದರೆ ಸಾಕು, ಅಷ್ಟು ಅದಕ್ಕೆ ಬರುತ್ತದೆ. ದೇವರೇ ಅಳತೆ ತೆಗೆದು ಮಾಡಿಸಿದ ಹಾಗಿದೆ. ಪ್ರತಿ ಸಲವೂ ಮನಸ್ಸಿನಲ್ಲಿ ಎಡ ಗೇರ್, ಬಲ ಬ್ರೇಕ್ ಎಂದು ಹೇಳಿಕೊಂಡು ಓಡಿಸುತ್ತೇನೆ. ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಎಂಟು ಬರೆದೆ. ಇವತ್ತು ನಾಲ್ಕು ಸಲ ಕಾಲು ಊರದೆ ಮುಗಿಸಿದೆ. ಮೂಟೆ ಹೊರುವವರು ಚಪ್ಪಾಳೆ ತಟ್ಟಿದರು. ಕೆಲಸ ನೋಡಿಕೊಳ್ಳಿ ಎಂದೆ.

ಬೈಕನ್ನು ಮನೆಯ ಮುಂದೆ ನಿಲ್ಲಿಸಿದರೆ ಬೇಕರಿಯವನು ಎದುರಿನಿಂದಲೇ ಕೇಳುತ್ತಾನೆ. "ಬ್ರೇಕ್ ಹೇಗಿದೆ ಅಣ್ಣ?" ದಿನಾ ಇದೇ ಪ್ರಶ್ನೆ. ಪರವಾಗಿಲ್ಲ ಎನ್ನುತ್ತೇನೆ.

ಯೂನಿಟ್ಟಿನ ಯಜಮಾನಿಗೆ ಫೋನು ಮಾಡಿದೆ. ಇಪ್ಪತ್ತೇಳಕ್ಕೆ ಬೆಳಿಗ್ಗೆ ಒಂಬತ್ತಕ್ಕೆ ಬಂದು ನಿಲ್ಲುತ್ತೇನೆ ಎಂದೆ. ಹನ್ನೊಂದು ಯಂತ್ರ ನಿಂತಿವೆಯಂತೆ.

ಮಾರ್ಚ್ 20, ಬುಧವಾರ

ಪರೀಕ್ಷೆಯಲ್ಲಿ ಇನ್‌ಸ್ಪೆಕ್ಟರು ಇದ್ದಕ್ಕಿದ್ದ ಹಾಗೆ ಸೀಟಿ ಊದುತ್ತಾನೆ, ಗೆರೆಯ ಒಳಗೆ ನಿಲ್ಲಿಸಬೇಕು. ಅದನ್ನು ಇಷ್ಟು ದಿನ ಅಭ್ಯಾಸ ಮಾಡಿರಲಿಲ್ಲ. ಇವಳು ಒಂದು ಸೀಟಿ ಕೊಂಡುತಂದು ಬಯಲಿಗೆ ಬಂದಳು. ಹೇಳದೆ ಊದು ಎಂದಿದ್ದೆ.

ಊದಿದಳು. ಎಡಗಾಲು ಹೋಗಿ ತುಳಿಯಿತು. ಕಾಲಿನ ಕೆಳಗೆ ಟಕ್ ಎಂದಿತು. ಗಾಡಿ ನಿಲ್ಲಲಿಲ್ಲ. ಗೆರೆ ದಾಟಿ, ಗೋದಾಮಿನ ಗೋಡೆಗೆ ಎರಡು ಮಾರು ಇರುವಾಗ ಹ್ಯಾಂಡಲ್ ತಿರುಗಿಸಿ ಮಣ್ಣಿಗೆ ಇಳಿಸಿದೆ.

ಇಳಿದು ನೋಡಿದೆ. ಎಡಗಾಲಿನ ಕೆಳಗೆ ಇದ್ದದ್ದು ಗೇರ್. ಬ್ರೇಕು ಬಲಗಡೆ ಇತ್ತು, ಅದನ್ನು ನಾನು ಮುಟ್ಟಿರಲಿಲ್ಲ. ಕೈಯಿಂದ ಒತ್ತಿ ನೋಡಿದೆ. ಅದು ಟಕ್ ಅನ್ನುವುದಿಲ್ಲ. ಮೆತ್ತಗೆ ಇಳಿಯುತ್ತದೆ.

ಇನ್ನೊಮ್ಮೆ ಊದಬೇಕಾ ಎಂದು ಇವಳು ದೂರದಿಂದ ಕೈ ಮಾಡಿ ಕೇಳಿದಳು. ಬೇಡ ಎಂದೆ.

ಮಾರ್ಚ್ 21, ಗುರುವಾರ

ಮಂಡಿ ಮೂವತ್ತು.

ಮಾರ್ಚ್ 22, ಶುಕ್ರವಾರ

ಬ್ಲೌಸು ಹೊಲಿಯುವವಳು ಯಂತ್ರ ತಂದಳು. ಹೊಲಿಗೆ ತಪ್ಪಿ ತಪ್ಪಿ ಬೀಳುತ್ತಿದೆ, ಯಂತ್ರ ಕೆಟ್ಟಿದೆ ಎಂದಳು. ತೆಗೆದು ನೋಡಿದರೆ ಸೂಜಿಯನ್ನು ಹಿಂದುಮುಂದಾಗಿ ಸಿಕ್ಕಿಸಿದ್ದಾಳೆ. ಇಂಥವರಿಗೆ ನಾನು ಯಾವಾಗಲೂ ಒಂದೇ ಮಾತು ಹೇಳುವುದು: ಯಂತ್ರ ಕೆಟ್ಟಿಲ್ಲ ತಾಯಿ, ನಿನ್ನ ಕೈ ಕೆಟ್ಟಿದೆ. ಇವತ್ತೂ ಹೇಳಲು ಬಾಯಿ ತೆರೆದೆ. ಸೂಜಿ ತಿರುಗಿಸಿ, ಎಣ್ಣೆ ಬಿಟ್ಟು ಕಳಿಸಿದೆ. ಏನಾಗಿತ್ತು ಎಂದು ಕೇಳಿದಳು. ಏನೂ ಇಲ್ಲ, ಆಗುತ್ತೆ ಎಂದೆ.

ಮೈ ಸರಿ ಇಲ್ಲವಾ ಎಂದು ಒಳಗಿನಿಂದ ಇವಳು ಕೇಳಿದಳು.

ಸಂಜೆ ಬಯಲಿಗೆ ಹೋಗಿ ಒಬ್ಬನೇ ಅಭ್ಯಾಸ ಮಾಡಿದೆ. ಮನಸ್ಸಿನಲ್ಲಿ ಹತ್ತು ಎಣಿಸಿ ಬ್ರೇಕ್ ಹಾಕುವುದು. ಹತ್ತಕ್ಕೆ ಏಳು ಸಲ ಬಲಗಾಲು ಸರಿಯಾಗಿ ಹೋಯಿತು. ವಾಪಸ್ ಬಂದಾಗ ಬೇಕರಿಯವನು ಕೇಳಿದ, ಬ್ರೇಕ್ ಹೇಗಿದೆ ಎಂದು. ಕೇಳಿಸದವನ ಹಾಗೆ ಕೀ ತೆಗೆದುಕೊಂಡು ಒಳಗೆ ಬಂದೆ.

ಮಾರ್ಚ್ 23, ಶನಿವಾರ

ಮಧ್ಯಾಹ್ನ ಊಟ ಮಾಡುವಾಗ ಇವಳು ಕೇಳಿದಳು.

"ಈಗ ಗೊತ್ತಾಯ್ತಾ?"

ಏನು ಎಂದೆ. ಅವಳು ಲೋಟಕ್ಕೆ ನೀರು ಬಗ್ಗಿಸಿದಳು. ಆಮೇಲೆ ಹೇಳಿದಳು. "ಅವತ್ತು ಹಿಂದೆ ಕೂತಿದ್ದವಳು ನಾನು. ನಿಮ್ಮ ಎಡಗಾಲು ದಬದಬ ಅಂತ ತುಳೀತಿತ್ತು. ಬಲಗಾಲು ಸುಮ್ನೆ ಕೂತಿತ್ತು. ನೋಡಿದ್ದೀನಿ."

ಎರಡು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಜೋರಾಗಿಯೇ ಕೇಳಿದೆ.

"ಆಸ್ಪತ್ರೆಲಿ ಒಂದ್ಸಲ ಹೇಳ್ದೆ. ನಿಂಗೆ ಗಾಡಿ ಬಗ್ಗೆ ಏನು ಗೊತ್ತು ಅಂದ್ರಿ. ಆಮೇಲೆ ಕಾಲಿಗೆ ಕೀವಾಯ್ತು. ಮಲಗಿದ್ದೋರಿಗೆ ಏನಂತ ಹೇಳೋದು? ಎದ್ದಮೇಲೆ ನೀವು ಬೀದೀಲಿ ನಿಂತು ಕೂಗಿ ಮುಗಿಸಿದ್ರಿ."

ಆಸ್ಪತ್ರೆಯಲ್ಲಿ ಹೇಳಿದ್ದು ನನಗೆ ನೆನಪಿಲ್ಲ. ಅವಳು ಸುಳ್ಳು ಹೇಳುವವಳಲ್ಲ, ಬ್ರೆಡ್ಡಿನ ವಿಷಯ ಬಿಟ್ಟರೆ.

ಬೇಕರಿಯವನಿಗೆ ಹೇಳಿದರೆ ಗಾಡಿ ವಾಪಸ್ ಕೇಳುತ್ತಾನೆ, ಮಂಗಳವಾರ ಪರೀಕ್ಷೆ, ಬೇರೆ ಗಾಡಿ ಇಲ್ಲ, ಯೂನಿಟ್ಟು ಕೈಬಿಡುತ್ತದೆ ಎಂದೆ. ಪರೀಕ್ಷೆ ಮುಗಿಸಿ ಬುಧವಾರ ಹೇಳಿದರೆ ಆಗದಾ ಎಂದೂ ಕೇಳಿದೆ. ನನಗೇನು ಗೊತ್ತು, ನಿಮಗೆ ತಿಳಿದ ಹಾಗೆ ಮಾಡಿ ಎಂದಳು. ಒಂದೇ ಕೈಯಲ್ಲಿ ತಟ್ಟೆ ಎತ್ತಿಕೊಂಡು ಹೋದಳು. ಯಾವಾಗಲೂ ಒಂದೇ ಕೈಯಲ್ಲಿ ಎತ್ತುತ್ತಾಳೆ. ಬೇಕೆಂದು ಮಾಡಿದ್ದಲ್ಲ.

ಮಾರ್ಚ್ 25, ಸೋಮವಾರ

ನಿನ್ನೆ ಏನೂ ಬರೆಯಲಿಲ್ಲ. ಎಂಟು ಹಾಕಿದೆ, ಸೀಟಿಗೆ ನಿಲ್ಲಿಸಿದೆ, ಹತ್ತಕ್ಕೆ ಹತ್ತು.

ಇವತ್ತು ಬೆಳಿಗ್ಗೆ ಬೈಕು ಒರೆಸುತ್ತಿದ್ದೆ. ಬೇಕರಿಯವನು ರಸ್ತೆ ದಾಟಿ ಬಂದು, ನಾಳೆ ಪರೀಕ್ಷೆ, ಬ್ರೇಕ್ ಒಂದು ಸಲ ನಾನೇ ನೋಡಿಬಿಡುತ್ತೇನೆ ಎಂದು ಕುಕ್ಕರುಗಾಲಲ್ಲಿ ಕೂತ. ನಟ್ಟು ಹಿಡಿದು ಅಲ್ಲಾಡಿಸಿದ. ಪೆಡಲು ಒತ್ತಿದ. ಚಕ್ರ ತಿರುಗಿಸಿ ಮತ್ತೆ ಒತ್ತಿದ. ಅವನ ತಲೆ ಮೇಲೆಲ್ಲ ಹಿಟ್ಟು. ಮತ್ತೊಮ್ಮೆ ಒತ್ತಿದ.

ನಾಲ್ಕನೇ ಸಲ ಒತ್ತುವಾಗ ಹೇಳಿದೆ.

"ನಿನ್ನ ಬ್ರೇಕಿಗೆ ಅವತ್ತೂ ಏನೂ ಆಗಿರ್ಲಿಲ್ಲ. ನನ್ನ ಗಾಡೀಲಿ ಬ್ರೇಕು ಎಡಗಡೆ. ಕಾಲು ಅಲ್ಲಿಗೇ ಹೋಯ್ತು. ನಾನು ತುಳಿದದ್ದು ಗೇರ್."

ಅವನು ಏಳಲಿಲ್ಲ. ಕೂತಲ್ಲಿಂದಲೇ ಕೇಳಿದ.

"ಯಾವಾಗ ಗೊತ್ತಾಯ್ತು?"

"ಬುಧವಾರ."

"ಇವತ್ತು ಸೋಮವಾರ" ಎಂದ.

ಹೌದು ಎಂದೆ.

ಎದ್ದು ಕೈ ಒರೆಸಿಕೊಂಡ. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಭ್ಯಾಸವಿರುವ ಕೆಲಸ, ನಾನೂ ನಾಲ್ಕು ಮಾತಾಡುತ್ತಿದ್ದೆ.

"ನನ್ ಹೆಂಡ್ತಿ ಎರಡು ವರ್ಷದಿಂದ ಬಸ್ ಸ್ಟಾಪಿಗೆ ನಡ್ಕೊಂಡು ಹೋಗ್ತಾಳೆ. ಒಂದೂವರೆ ಕಿಲೋಮೀಟರು. ಹಿಂದೆ ಕೂರಿಸ್ಕೊಂಡ್ರೆ ಬ್ರೇಕ್ ಎಲ್ಲಿ ಕೈಕೊಡುತ್ತೋ ಅಂತ ನಾನೇ ಬೇಡ ಅಂದಿದ್ದೆ. ನನ್ನ ಪಕ್ಕದಲ್ಲೇ ನಡ್ಕೊಂಡು ಹೋಗ್ತಾಳೆ, ಅವಳ ಚೀಲ ಇಟ್ಕೊಂಡು ನಾನು ಬೈಕ್ ತಳ್ಕೊಂಡು ಹೋಗ್ತೀನಿ. ಜನ ನಗ್ತಾರೆ."

ಕೈ ಚಾಚಿದ. "ಕೀ ಕೊಡಿ."

ಅಣ್ಣ ಎನ್ನಲಿಲ್ಲ. ಕೊಟ್ಟೆ. ಬೈಕು ತಳ್ಳಿಕೊಂಡು ರಸ್ತೆ ದಾಟಿ, ಅಂಗಡಿಯ ಮುಂದೆ ನಿಲ್ಲಿಸಿ, ಒಳಗೆ ಹೋದ.

ಇವಳು ಕಿಟಕಿಯಲ್ಲಿದ್ದಳು. ನಾನು ಒಳಗೆ ಬಂದಾಗ ಕಾಫಿ ಇಟ್ಟಳು.

ಮಂಡಿ ಮೂವತ್ತು. ಹೊರಗೆ ಹೋಗುವಾಗ ಹಿಡಿಯುವ ಊರುಗೋಲು ಬಾಗಿಲ ಹತ್ತಿರವೇ ಇತ್ತು, ತೆಗೆದುಕೊಂಡಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಮಾರ್ಚ್ 26, ಮಂಗಳವಾರ

ನನ್ನ ಗಾಡಿಯನ್ನೇ ಟೆಂಪೋದಲ್ಲಿ ಹಾಕಿಕೊಂಡು ಹೋದೆ. ಅಳಿಯ ರಜೆ ಹಾಕಿ ಬಂದಿದ್ದ. ಇಳಿಸಿದ, ಕಿಕ್ ಹೊಡೆದುಕೊಟ್ಟ. ಈ ಸಲ ನೋಡಿಯೇ ಮಾತಾಡಿದೆ, ಅಂದರೆ ಮಾತಾಡಲಿಲ್ಲ.

ಸಾಲಿನಲ್ಲಿ ನನ್ನ ಮುಂದೆ ಹನ್ನೆರಡು ಜನ. ಎಲ್ಲರೂ ನನ್ನ ಮೊಮ್ಮಕ್ಕಳ ವಯಸ್ಸು. ಇನ್‌ಸ್ಪೆಕ್ಟರು ಗಾಡಿಯ ಸುತ್ತ ಒಂದು ಸುತ್ತು ಬಂದ. ಅವನ ಅಪ್ಪನ ಹತ್ತಿರ ಇಂಥದೇ ಇತ್ತಂತೆ. ಎಂಟು ಹಾಕಿ ಯಜಮಾನ್ರೇ ಎಂದ. ಯಾರೂ ನೋಡದಾಗ ಕೈಯಿಂದ ಎತ್ತಿಕೊಂಡಿದ್ದ ಮೊದಲನೇ ಗೇರಿನಲ್ಲೇ ಹಾಕಿದೆ. ಒಂದು ಸಲ ಕಾಲು ಊರಿದೆ. ಅಷ್ಟಕ್ಕೆ ಮಾಫಿಯಂತೆ. ಸೀಟಿ ಊದಿದ, ಗೆರೆಯ ಮೇಲೇ ನಿಲ್ಲಿಸಿದೆ. ಆಮೇಲೆ ರಸ್ತೆಗೆ ಹೋಗಿ ಗೇರ್ ಬದಲಾಯಿಸಿಕೊಂಡು ಬನ್ನಿ ಎಂದ. ಪಾದ ಏಳಲಿಲ್ಲ. ಎರಡು ಸಲ ನೋಡಿದೆ. ಮೂರನೇ ಸಲಕ್ಕೆ ಕೈಯಿಂದ ಬಗ್ಗಿ ಎತ್ತಿದೆ. ಅವನು ನೋಡಿದ.

"ಕಾಲಿಗೆ ಆಗೋ ಗಾಡಿ ತನ್ನಿ ಯಜಮಾನ್ರೇ. ನಿಮಗೆ ಓಡಿಸೋಕೆ ಬರುತ್ತೆ, ಈ ಗಾಡಿಗೆ ನೀವು ಬರಲ್ಲ" ಎಂದು ಬರೆದುಕೊಟ್ಟ. ಮತ್ತೆ ಪರೀಕ್ಷೆ ಒಂದು ತಿಂಗಳ ನಂತರ.

ಬೈಯಲು ಏನೂ ಸಿಗಲಿಲ್ಲ. ಸರಿಯಾಗಿಯೇ ಹೇಳಿದ್ದ.

ಏಪ್ರಿಲ್ 1, ಸೋಮವಾರ

ಯೂನಿಟ್ಟು ಹೋಯಿತು. ಯಜಮಾನಿ ಫೋನು ಮಾಡಿ ಹೇಳಿದಳು. ಬಂದಿರುವ ಹೊಸಬನಿಗೆ ಹಳೆಯ ಯಂತ್ರಗಳು ಗೊತ್ತಿಲ್ಲವಂತೆ, ಕೇಳಿದರೆ ಫೋನಿನಲ್ಲಿ ಹೇಳಿಕೊಡುತ್ತೀರಾ ಎಂದಳು. ಹೇಳಿಕೊಡುತ್ತೇನೆ ಎಂದೆ. ಗೋಡೆ ಪಕ್ಕದ ಸಾಲಿನಲ್ಲಿ ಮೂರನೇ ಯಂತ್ರದ ಬೆಲ್ಟು ಸ್ವಲ್ಪ ಸಡಿಲ ಇಡಬೇಕು, ಬಿಗಿ ಮಾಡಿದರೆ ದಾರ ಕಡಿಯುತ್ತದೆ, ಅಷ್ಟು ಈಗಲೇ ಹೇಳಿಬಿಡಿ ಎಂದೆ. ಬರೆದುಕೊಂಡಳು.

ಇವಳು ಬೇಕರಿಯ ಬ್ರೆಡ್ಡು ಬೇಕರಿಯ ಕವರಿನಲ್ಲೇ ತಂದಳು. ಅವನು ಇವಳ ಹತ್ತಿರ ಮಾತಾಡುತ್ತಾನೆ. ನನ್ನನ್ನು ಕಂಡರೆ ಒಳಗೆ ಹೋಗುತ್ತಾನೆ.

ಏಪ್ರಿಲ್ 4, ಗುರುವಾರ

ಡ್ರೈವಿಂಗ್ ಸ್ಕೂಲಿಗೆ ಹೋಗಿ ಹತ್ತು ಕ್ಲಾಸಿಗೆ ಹೆಸರು ಬರೆಸಿದೆ. ಕಲಿಸುವವನು ಗುರುತು ಹಿಡಿದ. ಏನಾದರೂ ಅನ್ನುತ್ತಾನೆ ಎಂದುಕೊಂಡಿದ್ದೆ. ಬೆಳಿಗ್ಗೆ ಏಳು ಗಂಟೆ, ತಡ ಮಾಡಬೇಡಿ ತಾತ ಎಂದ, ಅಷ್ಟೇ. ನಾನೇ ಹೇಳಿದೆ, ನಾನು ಬಲಗಾಲಿನ ಗೇರಿನವನು, ಗಾಬರಿಯಾದರೆ ನನ್ನ ಕಾಲು ತಪ್ಪು ಕಡೆ ಹೋಗುತ್ತದೆ, ಮೊದಲು ಅದನ್ನು ಬಿಡಿಸು ಎಂದು. ಬೆಂಚಿನ ಮೇಲಿದ್ದ ಹುಡುಗಿಯೊಬ್ಬಳು, ನನ್ನದೂ ಹಾಗೇ, ಎರಡೂ ಕಾಲು ಒಟ್ಟಿಗೆ ಹೋಗುತ್ತವೆ ಎಂದಳು. ಜಾಗ ಬಿಟ್ಟಳು. ಪಕ್ಕದಲ್ಲಿ ಕೂತೆ.

ಏಪ್ರಿಲ್ 9, ಮಂಗಳವಾರ

ಕ್ಲಾಸು ಮುಗಿಸಿ ಬಂದು ಜಗುಲಿಯ ಮೇಲೆ ಕೂತು ಬ್ಲೌಸಿನವಳ ಇನ್ನೊಂದು ಯಂತ್ರ ಬಿಚ್ಚುತ್ತಿದ್ದೆ. ಎದುರು ಬೇಕರಿಯವನು ಬೈಕು ಹೊರಗೆ ತಂದ. ಅವನ ಹೆಂಡತಿ ಚೀಲ ಹಿಡಿದು ಬಂದಳು. ಅವನು ಹತ್ತಿ ಕೂತು ಬ್ರೇಕ್ ಒತ್ತಿ ನೋಡಿದ, ಮತ್ತೆ ಒತ್ತಿ ನೋಡಿದ. ಅವಳು ಅವನ ಬೆನ್ನಿಗೆ ಮೆಲ್ಲಗೆ ಒಂದು ಏಟು ಕೊಟ್ಟು ಹತ್ತಿ ಕೂತಳು. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಅವನ ಅಂಗಿ. ಬಿಗಿಯಾಗಿ ಹಿಡಿದಿದ್ದಳು, ಅಂಗಿ ಪ್ಯಾಂಟಿನಿಂದ ಹೊರಗೆ ಬಂದಿತ್ತು.

ನನ್ನ ಮುಂದೆಯೇ ಹೋದರು. ಅವನು ನೋಡಲಿಲ್ಲ. ಹಿಂದಿನ ಚಕ್ರದಲ್ಲಿ ಇಬ್ಬರ ಭಾರಕ್ಕೆ ಗಾಳಿ ಸ್ವಲ್ಪ ಕಡಿಮೆ ಇತ್ತು. ಕೂಗಿ ಹೇಳೋಣ ಎಂದು ಸ್ಕ್ರೂಡ್ರೈವರ್ ಕೆಳಗಿಟ್ಟೆ.

ಹೇಳಲಿಲ್ಲ. ಮೆಲ್ಲಗೇ ಓಡಿಸುತ್ತಿದ್ದ. ತಿರುವಿನ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಾಕುತ್ತಾರೆ, ಅವನಿಗೂ ಕಣ್ಣಿದೆ.